ಪುಡಿ ಮಾಡಿ ಕೊಟ್ಟ ತೊಗಟೆ

ಸವಿತಾ, ನಿನ್ನ ಅಮ್ಮನಿಗೆ ನಾನು ಕೊಟ್ಟದ್ದು ಅಶೋಕದ ತೊಗಟೆ ಅಲ್ಲ. ಹೊಳೆಮತ್ತಿಯ ತೊಗಟೆ. ಮರದ ಗುರುತು ತಪ್ಪಿ ಕೊಟ್ಟದ್ದಲ್ಲ. ಗೊತ್ತಿದ್ದೇ ಕೊಟ್ಟೆ. ಆ ಮಳೆಗಾಲ ಪೂರ್ತಿ ಕೊಟ್ಟೆ. ಅವಳು ಅದನ್ನು ಹಾಲಿನಲ್ಲಿ ಕುದಿಸಿ ಕುಡಿದಳು, ನನ್ನನ್ನು ನಂಬಿ ಕುಡಿದಳು, ದವಾಖಾನೆಗೆ ಹೋಗುವುದನ್ನು ಬಿಟ್ಟಳು — ಸತ್ತಳು.

ವಿಷಯ ಇಷ್ಟೇ. ಮುಂದೆ ಬರೆದದ್ದೆಲ್ಲ ಇದು ಹೇಗಾಯಿತು ಎಂಬುದು. ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ಬಿಡು. ಆದರೆ ಕೊನೆಯ ಹಾಳೆಯೊಂದನ್ನು ಓದಲೇಬೇಕು, ಅದರಲ್ಲಿ ನಿನ್ನ ಕೆಲಸ ಇದೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ತಪ್ಪಿರಬಹುದು, ಹೊಂದಿಸಿಕೊಂಡು ಓದು. ಬಾಯಲ್ಲಿ ಹೇಳಬಹುದಿತ್ತು ಎನ್ನುತ್ತೀಯೇನೋ. ಮೊನ್ನೆ ನೀನು ಫೋನು ಮಾಡಿದಾಗ ಹೇಳಲು ಹೊರಟೆ. ನಿನ್ನ ದನಿ ಕೇಳಿದ್ದೇ ಬಾಯಿ ಬೇರೆ ಏನನ್ನೋ ಹೇಳಿಬಿಟ್ಟಿತು. ಈ ಬಾಯಿಗೆ ಸುಳ್ಳಿನ ರೂಢಿ ಆಗಿಹೋಗಿದೆ. ಕೈ ಹಾಗಲ್ಲ, ಒಂದೊಂದು ಅಕ್ಷರಕ್ಕೂ ತಿಣುಕುತ್ತದೆ — ಇಷ್ಟು ಕಷ್ಟಪಟ್ಟು ಯಾರೂ ಸುಳ್ಳು ಬರೆಯುವುದಿಲ್ಲ.

ಮೊದಲು ಮರದ ಸಂಗತಿ ಹೇಳಬೇಕು.

ಇಡಗುಂದಿಯಿಂದ ನಮ್ಮ ಮನೆಗೆ ಬರುವಾಗ ಒಂದು ಹಳ್ಳ ದಾಟುತ್ತೇವಲ್ಲ, ಅದರ ಮೇಲ್ಗಡೆ, ಕಾನಿನ ದಟ್ಟ ಮರಗಳ ಒಳಗೆ ಆ ಅಶೋಕದ ಮರ ಇತ್ತು. ಯಾರು ನೆಟ್ಟದ್ದೂ ಅಲ್ಲ, ತಾನಾಗಿ ಹುಟ್ಟಿದ್ದು. ಬುಡ ನೀರಿನ ಕಡೆಗೆ ಬಾಗಿತ್ತು. ಎಳೆ ಎಲೆ ಬಿಟ್ಟಾಗ ಒದ್ದೆ ಬಟ್ಟೆ ಒಣಗಲು ಹಾಕಿದ ಹಾಗೆ ಜೋತು ಬೀಳುತ್ತಿತ್ತು, ತಾಮ್ರದ ಬಣ್ಣ. ಶಿವರಾತ್ರಿಯ ಹೊತ್ತಿಗೆ ಕಾಂಡಕ್ಕೇ ಗೊಂಚಲು ಹೂ ಅಂಟಿಕೊಳ್ಳುತ್ತಿತ್ತು, ಮೊದಲು ಹಳದಿ, ಆಮೇಲೆ ಕೆಂಪು. ನೀನು ಸಣ್ಣವಳಿದ್ದಾಗ ಆ ಹೂವನ್ನು ಲಂಗದಲ್ಲಿ ತುಂಬಿಕೊಂಡು ಬಂದಿದ್ದೆ. ಮರೆತಿರುತ್ತೀಯ.

ಹೆಂಗಸರ ತೊಂದರೆಗೆ ಅದರ ತೊಗಟೆ. ಕೆಂಪು ಹೆಚ್ಚು ಹೋಗುವುದು, ತಿಂಗಳು ತಪ್ಪುವುದು, ಸೊಂಟ ಕಳಚಿ ಬಿದ್ದ ಹಾಗೆ ನೋಯುವುದು. ಗಂಡಸರಿಗೆ ಹೇಳಲಾಗದ್ದನ್ನೆಲ್ಲ ಹೊತ್ತುಕೊಂಡು ಹೆಂಗಸರು ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಕೊಡುತ್ತಿದ್ದಳು. ಅವಳಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಮರ ಮನೆಯ ಸೊಸೆಗೆ, ಮಗಳಿಗಲ್ಲ — ಮಗಳು ಇನ್ನೊಂದು ಮನೆಗೆ ಹೋಗುವವಳು, ಮರ ಎಲ್ಲಿಗೂ ಹೋಗುವುದಿಲ್ಲ ಎಂಬ ಲೆಕ್ಕ. ಅದಕ್ಕೇ ನನ್ನ ಪಾಲಿಗೆ ಬಂತು. ನಿನ್ನ ಅಮ್ಮ ಗಿರಿಜೆ ಈ ಮಾತೆತ್ತಿ ನಗುತ್ತಿದ್ದಳು.

"ಅಮ್ಮ ನಂಗೆ ಬೆಂಡೋಲೆ ಕೊಟ್ಲು, ನಿಂಗೆ ಮರ ಕೊಟ್ಲು. ನೋಡು ಅತ್ತಿಗೆ, ನಿನ್ನ ಮೇಲೇ ಪ್ರೀತಿ ಹೆಚ್ಚು ಅವಳಿಗೆ."

"ಬೆಂಡೋಲೆ ಕೊಡು, ಮರ ತಗ ಹೋಗು" ಎನ್ನುತ್ತಿದ್ದೆ ನಾನು.

"ಬಸ್ಸಿಗೆ ಹಾಕ್ಕಂಡು ದಾಸನಕೊಪ್ಪಕ್ಕೆ, ಗಂಡನ ಮನೆಗೆ ಹೋಗ್ಲಾ? ಕಂಡಕ್ಟರು ಅದಕ್ಕೂ ಟಿಕೇಟು ಕೇಳ್ತಾ."

ಅತ್ತೆ ನನ್ನನ್ನು ಮರದ ಹತ್ತಿರ ಕರೆದುಕೊಂಡು ಹೋಗಿ ನೇಮ ಹೇಳಿದಳು. ಹಿಂದಿನ ಸಂಜೆ ಹೋಗಿ ಬುಡಕ್ಕೆ ಅಕ್ಕಿ ಇಟ್ಟು, ಯಾವ ಹೆಂಗಸಿಗೆ ಬೇಕು ಎಂದು ಹೇಳಿ ಬರಬೇಕು. ಬೆಳಿಗ್ಗೆ ಹೋಗಿ ಅಂಗೈ ಅಗಲ, ಮೊಣಕೈ ಉದ್ದ, ಅಷ್ಟೇ ತೆಗೆಯಬೇಕು. ತೆಗೆದ ಜಾಗಕ್ಕೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಬೇಕು, ಬಾಣಂತಿಗೆ ಬಟ್ಟೆ ಕಟ್ಟುವ ಹಾಗೆ. ಮುಂದಿನ ಸಲ ಬೇರೆ ಕಡೆ. ಒಂದು ಗಾಯಕ್ಕೆ ಇನ್ನೊಂದು ಗಾಯ ಮುಟ್ಟಬಾರದು. ಕೊಡುವಾಗ ತುಂಡಾಗಿಯೇ ಕೊಡಬೇಕು. ಕುಡಿಯುವವಳೇ ಕೈಯಾರೆ ಜಜ್ಜಿಕೊಳ್ಳಬೇಕು. ಅವಳಿಂದ ಏನೂ ತೆಗೆದುಕೊಳ್ಳಬಾರದು, ಒಂದು ತೆಂಗಿನಕಾಯಿ ಕೂಡ.

"ಜಜ್ಜಿ ಕೊಟ್ರೆ ಎಂತಾಗ್ತದೆ?" ಎಂದು ಕೇಳಿದ್ದೆ. ಹೊಸ ಸೊಸೆ, ಬಾಯಿ ಜೋರು.

"ಜಜ್ಜಿದ ಮೇಲೆ ಎಲ್ಲಾ ತೊಗಟೆನೂ ಒಂದೇ" ಎಂದಳು ಅತ್ತೆ. "ಕೊಟ್ಟಿದ್ದು ಎಂತ ಅಂತ ತಗಂಡವಳ ಕಣ್ಣಿಗೆ ಕಾಣ್ಬೇಕು."

ಅವಳಿಗೆ ಮನುಷ್ಯರು ಗೊತ್ತಿದ್ದರು. ನನ್ನಂಥವಳು ಒಬ್ಬಳು ಬರುತ್ತಾಳೆ ಎಂದೂ ಗೊತ್ತಿತ್ತೋ ಏನೋ.

ಬಹಳ ವರ್ಷ ನೇಮದಂತೆಯೇ ನಡೆದೆ. ಇದು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಾನು ಏನು ಬಲ್ಲವಳಾಗಿದ್ದೆ ಎಂದು ನಿನಗೆ ತಿಳಿಯಲಿ ಎಂದು. ಗೊತ್ತಿಲ್ಲದವಳ ತಪ್ಪು ಬೇರೆ, ನನ್ನದು ಬೇರೆ.

ಮತ್ತೆ ಏನಾಯಿತು ಎಂದರೆ — ಹೆಸರು ಬಂತು. ಮೊದಲು ಊರಿನವರು, ಆಮೇಲೆ ಯಲ್ಲಾಪುರದವರು, ಆಮೇಲೆ ಸಿದ್ದಾಪುರ ಕಡೆಯಿಂದಲೂ ಬಾಯಿಂದ ಬಾಯಿಗೆ ಕೇಳಿಕೊಂಡು ಬಂದರು. ಹಣ ನಾನು ಮುಟ್ಟಲಿಲ್ಲ, ಆ ಒಂದು ನೇಮ ಕೊನೆಯವರೆಗೂ ಮುರಿಯಲಿಲ್ಲ. ನನಗೆ ಹಣದ ಆಸೆ ಇರಲಿಲ್ಲ. ಓದಿದ ಹೆಂಗಸರು ಬಂದು "ಅಮ್ಮಾ" ಎಂದು ಕೈಮುಗಿದರೆ ಒಳಗೆ ಏನೋ ಉಬ್ಬುತ್ತಿತ್ತು. ಮನೆಯಲ್ಲಿ ಯಾರು ಕೈಮುಗಿಯುತ್ತಾರೆ? ದನದ ಸಗಣಿ ಬಾಚುವವಳು, ಗದ್ದೆಯಲ್ಲಿ ಸಸಿ ಕೀಳುವವಳು, ಮೂರನೇ ಇಯತ್ತೆ.

ಯಲ್ಲಾಪುರಕ್ಕೆ ವರ್ಗವಾಗಿ ಬಂದಿದ್ದ ಒಬ್ಬ ಸಾಹೇಬರ ಹೆಂಡತಿಗೆ ನನ್ನ ತೊಗಟೆಯಿಂದ ಗುಣವಾಗಿತ್ತು. ಒಂದು ದಿನ ಆಕೆ ಜೀಪಿನಲ್ಲಿ ಬಂದಳು. ಸಿರಸಿಯಲ್ಲಿ ಗಿಡಮೂಲಿಕೆಯ ಮೇಳ ಮಾಡುತ್ತಾರಂತೆ, ನಾನು ವೇದಿಕೆಯ ಮೇಲೆ ಕೂತುಕೊಳ್ಳಬೇಕಂತೆ.

"ಬಂದ ಹೆಂಗಸರಿಗೆಲ್ಲ ನಿಮ್ಮ ಕೈಯಿಂದಲೇ ಒಂದೊಂದು ಪೊಟ್ಟಣ ಕೊಡಿ ಅಮ್ಮಾ. ನಿಮ್ಮಂಥವರು ಮೂಲೆಯಲ್ಲಿ ಇರಬಾರದು."

ಅಷ್ಟು ಜನಕ್ಕೆ ತೊಗಟೆ ಎಲ್ಲಿಂದ ತರುವುದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಯಿತು ಎಂದೆ.

ಅಕ್ಕಿ ಇಡಲು ಹೋಗಲಿಲ್ಲ. ಯಾರ ಹೆಸರು ಹೇಳುವುದು, ಬರುವವರು ಯಾರು ಎಂದೇ ಗೊತ್ತಿಲ್ಲ. ಒಂದು ಬೆಳಿಗ್ಗೆ ಕತ್ತಿ ತೆಗೆದುಕೊಂಡು ಹೋದೆ, ಅಂಗೈ ಅಗಲ ತೆಗೆದೆ. ಪಕ್ಕದಲ್ಲಿ ಇನ್ನಷ್ಟು. ಹಳೆಯ ಗಾಯಗಳ ನಡುವೆ ಉಳಿದದ್ದನ್ನೂ ತೆಗೆದೆ. ತೊಗಟೆ ಬಾಳೆಯ ಸಿಪ್ಪೆಯಂತೆ ಸಲೀಸಾಗಿ ಬರುತ್ತಿತ್ತು. ಬರುತ್ತಿದೆ ಎಂದು ತೆಗೆಯುತ್ತಾ ಹೋದೆ — ಮರಕ್ಕೆ ಒಂದು ಸುತ್ತು ಬಂದದ್ದು ಹೊರಟ ಜಾಗಕ್ಕೇ ಮತ್ತೆ ಕತ್ತಿ ತಾಗಿದಾಗ ತಿಳಿಯಿತು. ಸೊಂಟದ ಮೇಲೆ ಸೀರೆ ಕಳಚಿದ ಹಾಗೆ ನಡು ಪೂರ್ತಿ ಬಿಳಿಚಿಕೊಂಡು ನಿಂತಿತ್ತು. ನೋಡನೋಡುತ್ತಿದ್ದ ಹಾಗೆಯೇ ಆ ಬಿಳಿ ಕೆಂಪಾಯಿತು. ಮಣ್ಣು ಮೆತ್ತಿದೆ. ಸುತ್ತ ಮೆತ್ತಲು ಕಲಸಿಟ್ಟ ಸಗಣಿ ಸಾಲಲಿಲ್ಲ. ನಾಳೆ ಬಂದು ಮೆತ್ತಿದರಾಯಿತು ಎಂದು ಬಂದೆ. ನಾಳೆ ಹೋಗಲಿಲ್ಲ.

ನಿನ್ನ ಮಾವ ಚೀಲ ನೋಡಿ, "ಇದೆಂತದೇ, ಮರವನ್ನೇ ಹೊತ್ಕಂಡು ಬಂದ್ಯ?" ಎಂದರು.

"ನಿಮ್ಗೆ ಇದ್ರಲ್ಲಿ ಎಂತ ಗೊತ್ತಾಗ್ತದೆ, ಸುಮ್ನೆ ಉಣ್ಣಿ" ಎಂದೆ.

ಸಿರಸಿಯಲ್ಲಿ ಕುರ್ಚಿಯಲ್ಲಿ ಕೂರಿಸಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ತೊಗಟೆಯ ಪೊಟ್ಟಣ ತೆಗೆದುಕೊಂಡವರಲ್ಲಿ ಅರ್ಧ ಜನಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಪುಕ್ಕಟೆ ಸಿಗುತ್ತದೆ ಎಂದು ತೆಗೆದುಕೊಂಡರು. ಕೆಲವರು ಅದನ್ನು ಚಹಾ ಕುಡಿದ ಲೋಟದ ಜೊತೆ ಕುರ್ಚಿಯ ಕೆಳಗೇ ಬಿಟ್ಟು ಹೋಗಿದ್ದರು. ಹೊರಡುವಾಗ ಕಂಡೆ. ಕಂಡೂ ಶಾಲು ಸರಿಮಾಡಿಕೊಂಡು ಜೀಪು ಹತ್ತಿದೆ.

ಮರ ಒಂದೇ ದಿನಕ್ಕೆ ಸಾಯುವುದಿಲ್ಲ, ಅದೇ ಮೋಸ. ಆ ಮಳೆಗಾಲ ಎಲ್ಲ ಹಸಿರಾಗಿಯೇ ಇತ್ತು. ಮುಂದಿನ ಶಿವರಾತ್ರಿಗೆ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು, ಕಾಂಡ ಕಾಣದ ಹಾಗೆ. ನಾನು ಹಿಗ್ಗಿದೆ — ನೋಡು, ಏನೂ ಆಗಲಿಲ್ಲ, ಅತ್ತೆ ಸುಮ್ಮನೆ ಹೆದರಿಸಿದ್ದಳು ಎಂದುಕೊಂಡೆ. ಅದು ಸಾಯುವ ಮರದ ಹೂ. ಬೇಸಿಗೆ ಮುಗಿಯುವುದರೊಳಗೆ ಎಲೆ ಸುರುಟಿ ಉದುರಿತು. ಮತ್ತೆ ಚಿಗುರಲಿಲ್ಲ. ಕತ್ತಿ ಹಾಕಿ ನೋಡಿದೆ, ಒಳಗೆ ಕೊರಡು.

ಯಾರಿಗೂ ಹೇಳಲಿಲ್ಲ. ಮದ್ದು ಕೇಳಿ ಬಂದವರಿಗೆ, ವಯಸ್ಸಾಯಿತು, ಕಾನಿಗೆ ಹೋಗಲು ಆಗುವುದಿಲ್ಲ, ಕೊಡುವುದು ಬಿಟ್ಟಿದ್ದೇನೆ ಎಂದು ಹೇಳಿ ಕಳಿಸಿದೆ. ಅವರಿಗೆ ಅಷ್ಟು ಸಾಕಾಗುತ್ತಿತ್ತು.

ನಿನ್ನ ಅಮ್ಮನಿಗೆ ಸಾಕಾಗುವಂಥದ್ದಲ್ಲ ಅದು. ಅವಳು ಆ ಮರದ ಕೆಳಗೆ ಆಡಿ ಬೆಳೆದವಳು. ಅವಳ ಅಮ್ಮನ ಮರ.

ಮರ ಒಣಗಿದ ವರ್ಷವೇ ಬಂದಳು, ಮಳೆ ಹಿಡಿಯುತ್ತಿದ್ದ ಹಾಗೆ. ನೀನು ಆಗ ಹಾನಗಲ್ಲಿನಲ್ಲಿ ಗಂಡನ ಮನೆಯಲ್ಲಿ ಬಸುರಿ. ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕೆಂಪು ಹೋಗಲು ಶುರುವಾಗಿತ್ತು. ಸಿರಸಿಯ ಡಾಕ್ಟರಮ್ಮ ನೋಡಿ, ಇದು ಒಳ್ಳೆಯದಲ್ಲ, ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿ, ಗರ್ಭಕೋಶ ತೆಗೆಯಬೇಕಾಗಬಹುದು ಎಂದಿದ್ದಳು. ಗಿರಿಜೆ ಸಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬದಲು ನನ್ನ ಹತ್ತಿರ ಬಂದಳು. ಬಸ್ಸಿಳಿದು ನಡೆಯುವಾಗ ಮಳೆ ಹೊಡೆದು ನಡುಗುತ್ತಿದ್ದಳು. ಕೈಗೆ ಸಿಕ್ಕಿದ ಬಟ್ಟೆ ಹೊದಿಸಿದೆ. ಅದು ಆ ಶಾಲು.

"ಇದು ಮರ್ಯಾದೆ ಶಾಲು ಅಲ್ದಾ ಅತ್ತಿಗೆ? ನಾ ಹೊದ್ರೆ ಕೊಳೆ ಆಗ್ತದೆ."

"ಹೊದ್ಕ ಸುಮ್ನೆ."

ಒಲೆಯ ಮುಂದೆ ಕೂತು ಎಲ್ಲ ಹೇಳಿದಳು. ಆಮೇಲೆ ಕೇಳಿದಳು — "ಡಾಕ್ಟರು ಹೇಳ್ದಾಂಗೆ ಹುಬ್ಬಳ್ಳಿಗೆ ಹೋಗ್ಲ, ಅಮ್ಮನ ಮರದ್ದು ಕುಡೀಲ? ನೀ ಹೇಳ್ದಾಂಗೆ ಮಾಡ್ತೆ."

ಒಂದೇ ಮಾತು ಸಾಕಿತ್ತು. ಮರ ಇಲ್ಲ ಗಿರಿಜಾ, ನಾನೇ ಕೊಂದೆ. ಅಷ್ಟು ಹೇಳಿದ್ದರೆ ಅವಳು ಅತ್ತು, ನನಗೆ ಬೈದು, ಬೆಳಿಗ್ಗೆ ಎದ್ದು ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದಳು. ಬೇರೆ ದಾರಿಯೇ ಇರುತ್ತಿರಲಿಲ್ಲ ಅವಳಿಗೆ.

ನಾನು ಹೇಳಿದ್ದು ಇದು: "ಹುಬ್ಬಳ್ಳಿಗೆ ಓಡೂಕೆ ಎಂತ ಅವಸರ? ಈ ಮಳೆಗಾಲ ಮದ್ದು ಕುಡ್ದು ನೋಡು. ಕತ್ತಿ ಹಾಕ್ಸೂದು ಎಲ್ಲಿಗೆ ಹೋಗ್ತದೆ."

ಅವಳ ಮುಖ ಬಿಚ್ಚಿಕೊಂಡಿತು. ಆಪರೇಷನ್ನಿಗೆ ಹೆದರಿ ಕೂತವಳಿಗೆ ಅದೇ ಮಾತು ಬೇಕಿತ್ತು. ಬೇಕಿತ್ತು ಎಂದು ನನಗೂ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ತಾನೂ ಕಾನಿಗೆ ಬರುತ್ತೇನೆ ಎಂದು ಹೊರಟಳು. ಅಮ್ಮನ ಮರ ನೋಡದೆ ಎಷ್ಟೋ ಕಾಲವಾಯಿತಂತೆ. "ಉಂಬಳ ಹತ್ತಿ ರಕ್ತ ಹೀರ್ತದೆ, ಮದ್ಲೇ ನಿನ್ನ ಮೈಯಲ್ಲಿ ರಕ್ತ ಇಲ್ಲೆ" ಎಂದು ಕೂರಿಸಿದೆ. ನಕ್ಕಳು. ನಾನು ಹಳ್ಳದ ಕೆಳಗಡೆಗೆ ಹೋದೆ, ಹೊಳೆಮತ್ತಿಯ ಹತ್ತಿರ. ಅದರ ತೊಗಟೆಯೂ ಒಳಗೆ ಕೆಂಪು, ಕುದಿಸಿದರೆ ಅದೂ ಕೆಂಪು ನೀರು, ಅದೂ ಒಗರು. ವಿಷವಲ್ಲ, ಎದೆಗೆ ಒಳ್ಳೆಯದು ಎಂದು ಕುಡಿಯುವವರಿದ್ದಾರೆ. ಕೇಡಂತೂ ಆಗುವುದಿಲ್ಲವಲ್ಲ — ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಕತ್ತಿ ಹಾಕಿದೆ.

ಆದರೆ ಹೊರಮೈ ಬೇರೆ. ಹೊಳೆಮತ್ತಿಯದು ನುಣುಪು, ಬಿಳಿ. ಅಶೋಕದ್ದು ಕಪ್ಪು, ಗಂಟುಗಂಟು. ತುಂಡು ಕೊಟ್ಟರೆ ಗಿರಿಜೆ ನೋಡಿದ ಕೂಡಲೇ ಹೇಳುತ್ತಿದ್ದಳು. ಬಚ್ಚಲ ಒಲೆಯ ಮೇಲೆ ಒಣಗಿಸಿದೆ, ಒರಳಿಗೆ ಹಾಕಿ ಕುಟ್ಟಿದೆ, ಜರಡಿ ಹಿಡಿದೆ. ಒಂದು ಸ್ಟೀಲು ಡಬ್ಬಿಯಲ್ಲಿ ತುಂಬಿ ಕೈಗೆ ಕೊಟ್ಟೆ.

ಅವಳು ಮುಚ್ಚಳ ತೆಗೆದು ನೋಡಿದಳು. "ಇದೆಂತ ಅತ್ತಿಗೆ, ಪುಡಿ ಮಾಡಿದ್ಯಲೆ? ಅಮ್ಮ ತುಂಡೇ ಕೊಡ್ತಿದ್ಲು."

"ನಿನ್ನ ಕೈಯಲ್ಲಿ ಶಕ್ತಿ ಎಲ್ಲಿದ್ದು ಜಜ್ಜೂಕೆ? ಅದ್ಕೇ ಕುಟ್ದೆ."

ಅವಳ ಕಣ್ಣಲ್ಲಿ ನೀರು ಬಂತು. ನನ್ನ ಎರಡೂ ಕೈ ಹಿಡಿದುಕೊಂಡಳು. ಒನಕೆ ಹಿಡಿದು ಅಂಗೈ ಬೊಬ್ಬೆ ಎದ್ದಿತ್ತು, ಅದನ್ನು ಸವರಿದಳು. "ಅಮ್ಮ ಹೋದ್ಮೇಲೆ ನೀನೇ ನಂಗೆ" ಎಂದಳು.

ಸವಿತಾ, ನನಗೆ ಈ ಜನ್ಮದಲ್ಲಿ ಯಾರೂ ಹಾಗೆ ಕೈ ಹಿಡಿದಿರಲಿಲ್ಲ.

ಡಬ್ಬಿ ಮುಗಿದಾಗಲೆಲ್ಲ ಅವಳು ಹೇಳಿ ಕಳಿಸುತ್ತಿದ್ದಳು, ನಾನು ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳಿಬಿಡೋಣ ಎಂದುಕೊಳ್ಳುವುದು — ಪ್ರತಿ ಸಲವೂ ಕುಟ್ಟುವುದು. ಮೊದಲ ಸುಳ್ಳು ಹೇಳಲು ಕಷ್ಟವಾಗಿತ್ತು. ಆಮೇಲಿನದು ಬರೀ ಒರಳಿನ ಕೆಲಸ. ಕಡಿಮೆಯಾಗಿದೆಯಾ ಎಂದು ಕೇಳಿದರೆ "ಆದಾಂಗೆ ಕಾಣ್ತದೆ" ಎನ್ನುತ್ತಿದ್ದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ಹೇಳುತ್ತಿದ್ದಳು ಎಂದು ಈಗ ಅನಿಸುತ್ತದೆ. ಗುಣವಾದ ಮೇಲೆ ಚಂದಗುಳಿಯ ಗಣಪತಿಗೆ ಕಟ್ಟಬೇಕು ಎಂದು ಹರಕೆಯ ಗಂಟೆಯೊಂದನ್ನು ತಂದು ನನ್ನ ಹತ್ತಿರ ಇಟ್ಟಿದ್ದಳು, "ಇಬ್ರೂ ಹೋಗಿ ಕಟ್ಟುವ" ಎಂದು. ಅದು ಈಗಲೂ ನನ್ನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದೆ. ಬಟ್ಟೆ ಸುತ್ತಿದ್ದು ಅದು ಸದ್ದು ಮಾಡಬಾರದು ಎಂದು.

ಇನ್ನೊಂದು ವಿಷಯ ಬರೆಯದೆ ಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬರೆಯುತ್ತೇನೆ.

ಅದೇ ಮಳೆಗಾಲದಲ್ಲಿ ಯಲ್ಲಾಪುರದಿಂದ ಒಬ್ಬ ಹೆಂಗಸು ಬಂದಳು, ಹಸೀನಾ ಎಂದು. ಗಂಡ ಲಾರಿ ಓಡಿಸುವವನು. ಅವಳಿಗೂ ಗಿರಿಜೆಯ ಹಾಗೆಯೇ. ಅಂಗಳದಲ್ಲಿ ನಿಂತು ಬುರ್ಖಾದ ಅಂಚು ಹಿಂಡುತ್ತಾ, "ದವಾಖಾನೆಯಾಗೆ ಹೆದ್ರಿಸ್ತಾರೆ ಅಮ್ಮಾ, ನೀವು ಕೊಟ್ರೆ ವಾಸಿ ಆಗ್ತದಂತೆ" ಎಂದಳು. ನನಗೆ ಅವತ್ತು ಏನಾಗಿತ್ತೋ. ಬೆಳಿಗ್ಗೆಯಿಂದ ಗಿರಿಜೆಗೆ ಪುಡಿ ಕುಟ್ಟಿ ತೋಳು ಬಿದ್ದುಹೋಗಿತ್ತು. ವಯಸ್ಸಾಯಿತು ಎಂಬ ನೆಪ ಕೂಡ ಬಾಯಿಗೆ ಬರಲಿಲ್ಲ. "ಮರ ಸತ್ತು ಹೋಯ್ತು. ನನ್ನ ಹತ್ರ ಮದ್ದಿಲ್ಲೆ. ಈ ವಯಸ್ಸಲ್ಲಿ ಹೀಂಗೆ ರಕ್ತ ಹೋಗೂದು ಒಳ್ಳೇದಲ್ಲ. ಇವತ್ತೇ ಡಾಕ್ಟರ ಹತ್ರ ಹೋಗು, ಎಲ್ಲೂ ನಿಲ್ಬೇಡ" ಎಂದು ಗದರಿಸಿ ಕಳಿಸಿದೆ.

ಅವಳು ಹೋದಳು. ಆಪರೇಷನ್ ಆಯಿತು. ಬದುಕಿದ್ದಾಳೆ. ಯಲ್ಲಾಪುರದ ಸಂತೆಯಲ್ಲಿ ಕಂಡರೆ ಈಗಲೂ ಓಡಿ ಬಂದು, ಜೊತೆಗಿದ್ದವರಿಗೆ "ಈ ಅಮ್ಮ ಬೈದು ಕಳಿಸಿದ್ದಕ್ಕೇ ನಾನು ಉಳಿದಿದ್ದು" ಎಂದು ಹೇಳುತ್ತಾಳೆ. ನಾನು ಮೆಣಸಿನಕಾಯಿ ಆರಿಸುತ್ತಾ ತಲೆ ತಗ್ಗಿಸುತ್ತೇನೆ. ವಿನಯ ಎಂದುಕೊಳ್ಳುತ್ತಾರೆ.

ನೋಡು, ನಿಜ ನನ್ನ ಬಾಯಲ್ಲೇ ಇತ್ತು. ಗುರುತಿಲ್ಲದವಳಿಗೆ ಕೊಟ್ಟೆ. ಗಿರಿಜೆಗೆ ಪುಡಿ ಕೊಟ್ಟೆ. ಯಾಕೆಂದರೆ ಹಸೀನಾಳ ಎದುರು ನನಗೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಗಿರಿಜೆಯ ಎದುರು ನಾನು ಅವಳ ಅಮ್ಮನ ಜಾಗದಲ್ಲಿ ಕೂತಿದ್ದೆ. ಆ ಜಾಗ ಬಿಟ್ಟು ಏಳಲು ಆಗಲಿಲ್ಲ.

ದೀಪಾವಳಿಯ ಹೊತ್ತಿಗೆ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಹುಬ್ಬಳ್ಳಿಗೆ ಒಯ್ದರು. ಮೊದಲೇ ಬರಬೇಕಿತ್ತು, ಮಳೆಗಾಲದ ಶುರುವಿನಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ. ಮುಂದಿನದು ನಿನಗೆ ಗೊತ್ತು, ಹಸುಗೂಸನ್ನು ಮಡಿಲಲ್ಲಿ ಇಟ್ಟುಕೊಂಡು ಅಮ್ಮನ ತಲೆಯ ಹತ್ತಿರ ಕೂತವಳು ನೀನೇ.

ಒಂದು ಯೋಚನೆ ನನಗೆ ಆಗಾಗ ಬರುತ್ತಿತ್ತು. ಅಸಲಿ ತೊಗಟೆಯನ್ನೇ ಕೊಟ್ಟಿದ್ದರೂ ಆ ಕಾಯಿಲೆಗೆ ಅದು ಸಾಲುತ್ತಿರಲಿಲ್ಲ, ಹಾಗಿದ್ದ ಮೇಲೆ ಯಾವ ಮರದ್ದು ಕೊಟ್ಟರೇನು, ಎಂದು. ಈ ಯೋಚನೆಯನ್ನು ಬಹಳ ದಿನ ದಿಂಬಿನ ಹಾಗೆ ತಲೆಯ ಕೆಳಗೆ ಇಟ್ಟುಕೊಂಡಿದ್ದೆ. ಈಗ ತೆಗೆದು ಎಸೆದಿದ್ದೇನೆ. ಅವಳು ಸತ್ತದ್ದು ಪುಡಿಯಿಂದಲ್ಲ. ನನ್ನ ಹತ್ತಿರ ಮದ್ದು ಇದೆ ಎಂಬ ನಂಬಿಕೆಯಿಂದ. ಅದನ್ನು ಕುಟ್ಟಿ ಜರಡಿ ಹಿಡಿದು ಕೊಟ್ಟವಳು ನಾನು.

ಹದಿಮೂರನೆಯ ದಿನ ನೀನು ಎಲ್ಲರ ಮುಂದೆ, "ಅತ್ತೆ ಕೊಟ್ಟ ಮದ್ದಿಂದಲೇ ಅಮ್ಮ ಅಷ್ಟು ದಿನ ತಡ್ಕಂಡ್ಲು" ಎಂದೆ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಎಂದು ಎಲ್ಲರೂ ಸಮಾಧಾನ ಮಾಡಿದರು. ಅಳುತ್ತಿರಲಿಲ್ಲ. ಯಾರಾದರೂ ನನ್ನ ಮುಖ ಓದಿಬಿಟ್ಟರೆ ಎಂಬ ಹೆದರಿಕೆ.

ಅಲ್ಲಿಗೆ ಮುಗಿಯಿತು, ಇದನ್ನು ನನ್ನ ಜೊತೆ ಸುಡುತ್ತಾರೆ ಎಂದುಕೊಂಡಿದ್ದೆ. ನಿನ್ನ ಮಗಳು ಈಗ ಹೈಸ್ಕೂಲು. ಅಷ್ಟು ಕಾಲ ಸುಮ್ಮನಿದ್ದವಳು ಇನ್ನೂ ಸುಮ್ಮನಿರುತ್ತಿದ್ದೆ, ನಿಜ ಹೇಳುತ್ತೇನೆ. ನನ್ನೊಳಗೆ ತಾನಾಗಿ ಏನೂ ಬದಲಾಗಲಿಲ್ಲ. ನಿನ್ನ ಫೋನು ಬಂತು.

ಇಲ್ಲಿ ನನ್ನ ಮೊಮ್ಮಗಳು ಫೋನನ್ನು ನನ್ನ ಕಿವಿಗೆ ಹಿಡಿದಳು. ಹಾನಗಲ್ಲಿಗೆ ಹೋಗಿ ನಿನ್ನ ಮಾತೂ ಆ ಕಡೆಯದಾಗಿದೆ.

"ಅತ್ತೀ, ಯಾರಿಗೂ ಹೇಳಬ್ಯಾಡ್ರಿ. ನನಗೂ ಅಮ್ಮನಂಗ ಶುರುವಾಗೈತಿ. ತಿಂಗಳಾನಗಟ್ಟಲೆ ನಿಲ್ಲವಲ್ದು. ಡಾಕ್ಟರು ಸ್ಕ್ಯಾನಿಂಗ್ ಬರದು ಕೊಟ್ಟಾರ, ನಾ ಹೋಗಿಲ್ಲ. ಅಮ್ಮನ ಡಬ್ಬ್ಯಾಗ ನೀವು ಕೊಟ್ಟ ಪುಡಿ ಒಂದೀಟು ಉಳಿದಿತ್ತು, ನೆನಪಿಗಂತ ಇಟ್ಟಿದ್ದೆ. ಅದನ್ನ ಕುಡ್ಯಾಕ ಹತ್ತೇನಿ. ಹೊಸಾದು ಇದ್ರ ಕಳಸ್ರಿ."

ಆಗಲೂ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಅದು ಹಳೇದು, ಹುಳ ಹಿಡ್ದಿರ್ತದೆ, ಚೆಲ್ಲು." ನಿನ್ನನ್ನು ಉಳಿಸುವ ಮಾತನ್ನೂ ಸುಳ್ಳಾಗಿಯೇ ಹೇಳಿದೆ. "ಹೊಸಾದು?" ಎಂದೆ ನೀನು. "ನೋಡ್ತೆ" ಎಂದು ಫೋನು ಇಟ್ಟೆ. ಈಗ ನೀನು ಪುಡಿಗಾಗಿ ಕಾಯುತ್ತಾ ಕೂತಿದ್ದೀಯ — ನಿನ್ನ ಅಮ್ಮ ಕೂತಿದ್ದ ಹಾಗೆ.

ನಿನ್ನೆ ಕಾನಿಗೆ ಹೋಗಿದ್ದೆ, ಕೋಲು ಊರಿಕೊಂಡು. ಬುಡದಲ್ಲಿ ಒಂದು ಚಿಗುರು ಕಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಏನೂ ಇಲ್ಲ. ಕೊರಡು ಯಾವಾಗಲೋ ಹಳ್ಳಕ್ಕೆ ಬಿದ್ದು ಕೊಚ್ಚಿಹೋಗಿದೆ. ಇದ್ದ ಜಾಗದಲ್ಲಿ ಒಂದು ಗುಂಡಿ, ಅದರಲ್ಲಿ ನೀರು. ಅಲ್ಲೇ ಕೂತು ಅತ್ತೆಗೆ ಏನಾದರೂ ಹೇಳೋಣ ಎಂದುಕೊಂಡೆ. ಹೇಳುವುದು ನಿನಗೆ ಎಂದು ಎದ್ದು ಬಂದೆ. ಬರುವಾಗ ಕೆಳಗಡೆಗೆ ಹೋಗಿ ಬಂದೆ.

ಇದು ಕೊನೆಯ ಹಾಳೆ.

ನಾಳೆ ಮೊದಲ ಬಸ್ಸಿಗೆ ಹೊರಟು ಸಿರಸಿಯ ಮೇಲೆ ನಿನ್ನಲ್ಲಿಗೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ಬೈಯುವುದಿದ್ದರೆ ಬೈ. ಬಾಗಿಲು ಹಾಕಿಕೊಳ್ಳುವುದಿದ್ದರೆ ಹಾಕಿಕೋ, ನಾನು ತಟ್ಟುವುದಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಅಮ್ಮನ ಮಗಳು ನೀನು.

ಆದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನಿನ್ನದು ಸಣ್ಣ ತೊಂದರೆಯೂ ಇರಬಹುದು, ಅದನ್ನು ಹೇಳಬೇಕಾದವರು ಅವರು. ಜೊತೆಗೆ ನಾನು ಬೇಡ ಎಂದರೆ ಗಂಡನನ್ನು ಕರೆದುಕೊಂಡು ಹೋಗು, ಮಗಳನ್ನು ಕರೆದುಕೊಂಡು ಹೋಗು. ಹೋದೆ ಎಂದು ತಿಳಿಯುವವರೆಗೆ ನಾನು ಕಟ್ಟೆಯಿಂದ ಏಳುವುದಿಲ್ಲ. ಬೀದಿಯ ಜನ ಯಾರು, ಯಾಕೆ ಕೂತಿದ್ದೀರಿ ಎಂದು ಕೇಳಿದರೆ ಹೇಳುತ್ತೇನೆ. ಎಷ್ಟು ಜನ ಕೇಳಿದರೂ ಹೇಳುತ್ತೇನೆ.

ಗಂಟೆಯನ್ನೂ ತರುತ್ತೇನೆ. ಅದು ನಿನ್ನ ಅಮ್ಮನದು, ಏನು ಮಾಡಬೇಕೋ ನೀನು ನೋಡಿಕೋ. ಅದರ ಜೊತೆ ಹೊಳೆಮತ್ತಿಯ ತೊಗಟೆ ಒಂದು ಇದೆ, ಅಂಗೈ ಅಗಲ, ನಿನ್ನೆ ತೆಗೆದದ್ದು. ಕುಡಿಯಲಿಕ್ಕೆ ಅಲ್ಲ. ನಿನ್ನ ಅಮ್ಮ ಕುಡಿದದ್ದು ಏನು ಎಂದು ನಿನ್ನ ಕಣ್ಣಿಗೆ ಕಾಣಬೇಕು. ಒಂದು ಕಡೆ ಬಿಳಿ, ಒಂದು ಕಡೆ ಕೆಂಪು. ತಿರುಗಿಸಿ ನೋಡು. ಈ ಸಲ ಪುಡಿ ಮಾಡಿಲ್ಲ.